ನಕ್ಷತ್ರಗಳ ಛಾಯಾಚಿತ್ರವೂ ಮಾಗಡಿಯ ಕತ್ತಲೆಯೂ

ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಯಲ್ಲಿ, ಶಿರಹಟ್ಟಿ ತಾಲ್ಲೂಕಿಗೆ ಸೇರಿದ ಮಾಗಡಿ ಎಂಬ ಗ್ರಾಮವಿದೆ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳಿಂದ ಅಲ್ಲಿಯ ಕೆರೆ ಪ್ರಸಿದ್ಧವಾಗಿದೆ. ಪಟ್ಟಣಗಳಲ್ಲಿ ಈಗ ದುರ್ಲಭವಾಗಿರುವ ಕತ್ತಲೆಯೂ ಆ ಬಯಲಿನಲ್ಲಿ ಉಳಿದುಕೊಂಡಿದೆ. ಕಳೆದ ಚಳಿಗಾಲದಲ್ಲಿ ಅಮಾವಾಸ್ಯೆಗೆ ಸಮೀಪದ ಶನಿವಾರ, ಭಾನುವಾರಗಳೆರಡನ್ನೂ ನಾವು ಕೆಲವು ವಿದ್ಯಾರ್ಥಿಗಳೊಡನೆ ಅಲ್ಲಿ ಕಳೆದೆವು. ಕೆರೆಯಿಂದ ತುಸು ದೂರದಲ್ಲಿ, ಕಡಲೆ ಕಿತ್ತ ಒಂದು ಹೊಲದಲ್ಲಿ ಕ್ಯಾಮರಾಗಳನ್ನು ಹೂಡಿ ಆಕಾಶದ ಚಿತ್ರಗಳನ್ನು ತೆಗೆಯುವುದು ನಮ್ಮ ಉದ್ದೇಶವಾಗಿತ್ತು.

ನಾವು ತೆಗೆದ ಮೊದಲನೆಯ ಚಿತ್ರವೇ ಕೆಟ್ಟಿತು. ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ಭದ್ರವಾಗಿ ನಿಲ್ಲಿಸಿ, ಹತ್ತು ನಿಮಿಷಗಳ ಕಾಲ ಅದರ ಬಾಗಿಲನ್ನು ತೆರೆದಿಟ್ಟಿದ್ದೆವು. ಚಿತ್ರದಲ್ಲಿ ನಕ್ಷತ್ರಗಳ ಬದಲು ಗೀರುಗಳು ಮೂಡಿದ್ದವು. ಕ್ಯಾಮರಾ ಅಲುಗಿತೆಂದು ವಿದ್ಯಾರ್ಥಿಗಳು ಭಾವಿಸಿದರು. ನಿಜವಾಗಿ ಅಲುಗಿದ್ದುದು ಕ್ಯಾಮರಾದ ಕೆಳಗಿದ್ದ ಭೂಮಿ! ಅದು ನಾಲ್ಕು ನಿಮಿಷಗಳಿಗೆ ಸುಮಾರು ಒಂದು ಡಿಗ್ರಿಯಷ್ಟು ತಿರುಗುತ್ತದೆ. ಹತ್ತು ನಿಮಿಷಗಳಿಗೆ ಎರಡೂವರೆ ಡಿಗ್ರಿ, ಎಂದರೆ ಐದು ಪೂರ್ಣಚಂದ್ರರನ್ನು ಸಾಲಾಗಿಟ್ಟಷ್ಟು ಉದ್ದ. ಮಹಾವ್ಯಾಧನ ನಡುಪಟ್ಟಿಯ ನಕ್ಷತ್ರಗಳು ಆಕಾಶದ ವಿಷುವದ್ವೃತ್ತದ ಬಳಿ ಇರುವುದರಿಂದ ಅವುಗಳ ಗೀರು ಅತಿ ಉದ್ದ. ಧ್ರುವ ನಕ್ಷತ್ರ ಮಾತ್ರ ಬಹುಮಟ್ಟಿಗೆ ಚುಕ್ಕೆಯಾಗಿಯೇ ಉಳಿಯುತ್ತದೆ.

ಹಾಗಾದರೆ ಬಾಗಿಲನ್ನು ಅಷ್ಟು ಹೊತ್ತು ತೆರೆಯುವುದೇಕೆ? ನಮ್ಮ ಕಣ್ಣು ತನ್ನ ಮೇಲೆ ಬಿದ್ದ ಬೆಳಕನ್ನು ಕ್ಷಣಾರ್ಧಕ್ಕಿಂತ ಹೆಚ್ಚು ಕಾಲ ಕೂಡಿಟ್ಟುಕೊಳ್ಳಲಾರದು. ಹಿಂದಿನ ಫಿಲ್ಮಾಗಲಿ, ಈಗಿನ ಕ್ಯಾಮರಾದ ಸಂವೇದಕವಾಗಲಿ ಅದನ್ನು ನಿಮಿಷಗಟ್ಟಲೆ ಸಂಗ್ರಹಿಸಬಲ್ಲುದು. ಸುಮಾರು 1,300 ಜ್ಯೋತಿರ್ವರ್ಷಗಳಾಚೆಯ ಮಹಾವ್ಯಾಧ ನೀಹಾರಿಕೆ ಬರಿಗಣ್ಣಿಗೆ ಮಸುಕಾದ ಕಲೆ. ಚಿತ್ರದಲ್ಲಿ ಅದು ರೆಕ್ಕೆ ಬಿಚ್ಚಿದ ಕೆಂಪು ಮೋಡ.

ಗೀರು ಬೀಳದಂತೆ ತಡೆಯಲು ಒಂದು ಸ್ಥೂಲ ಸೂತ್ರವಿದೆ. 500ನ್ನು ಮಸೂರದ ಸಂಗಮದೂರದ ಮಿಲಿಮೀಟರುಗಳಿಂದ ಭಾಗಿಸಿದರೆ, ಎಷ್ಟು ಸೆಕೆಂಡು ತೆರೆದಿಡಬಹುದೆಂಬುದು ದೊರೆಯುತ್ತದೆ. 50 ಮಿಲಿಮೀಟರಿನ ಮಸೂರಕ್ಕೆ ಹತ್ತು ಸೆಕೆಂಡು. ಇಂತಹ ನೂರಾರು ಚಿತ್ರಗಳನ್ನು ತೆಗೆದು, ನಕ್ಷತ್ರದ ಮೇಲೆ ನಕ್ಷತ್ರ ಕೂಡುವಂತೆ ಗಣಕಯಂತ್ರದಲ್ಲಿ ಹೊಂದಿಸಿ ಒಟ್ಟುಗೂಡಿಸುವುದು ಈಗಿನ ಪದ್ಧತಿ.

ಇಲ್ಲಿ ಕತ್ತಲೆಯ ಬೆಲೆ ತಿಳಿಯುತ್ತದೆ. ಪಟ್ಟಣದ ದೀಪಗಳ ಬೆಳಕು ಗಾಳಿಯ ಅಣುಗಳಿಂದಲೂ ಧೂಳಿನಿಂದಲೂ ಚದರಿ ಆಕಾಶವನ್ನೆಲ್ಲ ತುಂಬುತ್ತದೆ. ಆ ಬೆಳಕನ್ನು ಲೆಕ್ಕಹಾಕಿ ಕಳೆದುಬಿಟ್ಟರಾಯಿತಲ್ಲವೆ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಪ್ರಶ್ನೆ ಯೋಗ್ಯವಾದುದೇ. ಆದರೆ ಬೆಳಕು ಧಾರೆಯಾಗಿ ಸುರಿಯುವುದಿಲ್ಲ. ಮಳೆಹನಿಗಳಂತೆ ಕಣಕಣವಾಗಿ, ಹೆಚ್ಚುಕಡಮೆಯಾಗಿ ಬೀಳುತ್ತದೆ. ಸರಾಸರಿ 100 ಕಣಗಳು ಬೀಳುವಲ್ಲಿ ಸುಮಾರು 10ರಷ್ಟು ಏರಿಳಿತವಿರುತ್ತದೆ. 400 ಬೀಳುವಲ್ಲಿ 20ರಷ್ಟು. ಸರಾಸರಿಯನ್ನು ಕಳೆಯಬಹುದು, ಏರಿಳಿತವನ್ನು ಕಳೆಯಲಾಗದು. ನೀಹಾರಿಕೆಯಿಂದ ಬರುವ ಕಣಗಳು ಹತ್ತೇ ಆಗಿದ್ದರೆ, ಮೊದಲನೆಯ ಆಕಾಶದಲ್ಲಿ ಅವು ಏರಿಳಿತಕ್ಕೆ ಸಮನಾಗುತ್ತವೆ, ಎರಡನೆಯದರಲ್ಲಿ ಅದರ ಅರ್ಧಕ್ಕಿಳಿಯುತ್ತವೆ. ನಷ್ಟವನ್ನು ತುಂಬಲು ನಾಲ್ಕರಷ್ಟು ಕಾಲ ಬೆಳಕನ್ನು ಕೂಡಿಸಬೇಕು: ಆಗ ನೀಹಾರಿಕೆಯಿಂದ 40, ಆಕಾಶದಿಂದ 1,600, ಅದರ ಏರಿಳಿತವೂ 40. ಹೀಗೆ ಆಕಾಶದ ಹೊಳಪು ನಾಲ್ಕುಪಟ್ಟಾದರೆ, ಒಂದು ರಾತ್ರಿಯ ಕೆಲಸಕ್ಕೆ ನಾಲ್ಕು ರಾತ್ರಿಗಳು ಬೇಕಾಗುತ್ತವೆ.

ಮಾಗಡಿಯಲ್ಲಿಯೂ ಇದರ ಸುಳಿವು ಸಿಕ್ಕಿತು. ಒಂದು ಸ್ಥಳದ ಅಕ್ಷಾಂಶ ಎಷ್ಟೋ, ಧ್ರುವ ನಕ್ಷತ್ರದ ಎತ್ತರವೂ ಸುಮಾರು ಅಷ್ಟೆ. ಮಾಗಡಿಯಲ್ಲಿ ಅದು 15 ಡಿಗ್ರಿ. ಕೈಚಾಚಿ ಹಿಡಿದ ಮುಷ್ಟಿಯ ಒಂದೂವರೆಯಷ್ಟು. ಆ ದಿಕ್ಕಿನಲ್ಲಿಯೇ ಗದಗ-ಬೆಟಗೇರಿಯ ದೀಪಗಳ ಹೊಳಪು ದಿಗಂತದ ಮೇಲೆ ಹಬ್ಬಿರುವುದರಿಂದ ಧ್ರುವನನ್ನು ತುಸು ಹುಡುಕಬೇಕಾಯಿತು. ದಕ್ಷಿಣದಲ್ಲಿ ಅಗಸ್ತ್ಯ ನಿರಾತಂಕವಾಗಿ ಬೆಳಗುತ್ತಿದ್ದ.

ವಿಜ್ಞಾನಿಗಳು ಇಂತಹ ಕತ್ತಲೆಯನ್ನು ಅರಸಿ ಬಹುದೂರ ಹೋಗಿದ್ದಾರೆ. 1949ರಲ್ಲಿ, ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ಛಾಯಾಚಿತ್ರ ಫಲಕದಲ್ಲಿ ಹೊಸ ಧೂಮಕೇತುವೊಂದನ್ನು ಗುರುತಿಸಿದ ವೈನು ಬಾಪು ಅವರು, 1960ರ ದಶಕದಲ್ಲಿ ತಮಿಳುನಾಡಿನ ಜವಾದಿ ಬೆಟ್ಟಗಳ ನಡುವಣ ಕಾವಲೂರಿನಲ್ಲಿ ವೀಕ್ಷಣಾಲಯವನ್ನು ಸ್ಥಾಪಿಸಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ವ್ಯಾಸದ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಹೊಸಕೋಟೆಯಲ್ಲಿ ಕುಳಿತೇ ಅದನ್ನು ನಡೆಸುತ್ತಾರೆ. 2022ರಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲೆಯ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿಯ ಗ್ರಾಮಸ್ಥರು ದೀಪಗಳಿಗೆ ಮರೆಕಟ್ಟಿ, ಕಿಟಕಿಗಳಿಗೆ ತೆರೆ ಹಾಕಿ, ಬಂದವರಿಗೆ ದೂರದರ್ಶಕಗಳಲ್ಲಿ ತಾವೇ ಆಕಾಶವನ್ನು ತೋರಿಸುತ್ತಾರೆ. 2023ರಿಂದ ದೇಶದ ಹವ್ಯಾಸಿ ಛಾಯಾಗ್ರಾಹಕರು ಅಲ್ಲಿ ನಕ್ಷತ್ರಕೂಟಕ್ಕಾಗಿ ಸೇರುತ್ತಿದ್ದಾರೆ.

ಆ ಲಡಾಖಿನ ಸರೋವರಗಳಲ್ಲಿಯೂ ಹೆಬ್ಬಾತುಗಳು ಮರಿಮಾಡುತ್ತವೆ. ಮಾಗಡಿಯಲ್ಲಿ ಅವು ಹಗಲು ನೀರಿನಲ್ಲಿದ್ದು, ಇರುಳು ಹೊಲಗಳಿಗೆ ಮೇಯಲು ಹಾರುವುದುಂಟು. ಆದುದರಿಂದ ನಾವು ಕೆರೆಯತ್ತ ದೀಪ ಹಾಯಿಸದೆ, ಕೆಂಪು ಕಾಗದ ಸುತ್ತಿದ ಬ್ಯಾಟರಿಯನ್ನು ನೆಲದತ್ತ ಹಿಡಿದು ಓಡಾಡಿದೆವು. 2024ರಲ್ಲಿ ಕೆರೆಗೆ ರಾಮ್‌ಸಾರ್ ಮನ್ನಣೆ ದೊರೆತಿದೆ. ಇನ್ನು ನೋಡಲು ಬರುವವರು ಹೆಚ್ಚಬಹುದು, ಅವರೊಡನೆ ದೀಪಗಳೂ ಬರಬಹುದು. ದೀಪಗಳು ಬೇಡವೆಂದು ಯಾರೂ ಹೇಳರು. ಅವುಗಳಿಗೆ ಮೇಲ್ಮರೆಯಿರಲಿ, ಬೆಳಕು ನೆಲಕ್ಕೆ ಬೀಳಲಿ, ಬೇಡವಾದಾಗ ಆರಿಸಲಿ; ಇಷ್ಟಕ್ಕೆ ಹೆಚ್ಚಿನ ಹಣವೇನೂ ಬೇಕಾಗಿಲ್ಲ.

ವಾಚಕರು ಮುಂದಿನ ಅಮಾವಾಸ್ಯೆಯಂದು ತಮ್ಮ ಊರ ಹೊರಗೆ ಹೋಗಿ, ಅರ್ಧ ಗಂಟೆ ದೀಪ ನೋಡದೆ ಕಣ್ಣನ್ನು ಕತ್ತಲೆಗೆ ಹೊಂದಿಸಿಕೊಂಡು ಆಕಾಶವನ್ನು ನೋಡಲಿ. ಎಷ್ಟು ನಕ್ಷತ್ರಗಳು ಉಳಿದಿವೆಯೆಂಬುದು ಆಗ ಕ್ಯಾಮರಾ ಇಲ್ಲದೆಯೇ ತಿಳಿಯುತ್ತದೆ.