ನಿಮಗಿದು ಗೊತ್ತೆ? ಡೈನಮೊ ಜಾಗಕ್ಕೆ ಆಲ್ಟರ್ನೇಟರ್

● ಹಿಂದೆ ರೈಲು ಬೋಗಿಯ ದೀಪ, ಫ್ಯಾನುಗಳಿಗೆ ಕರೆಂಟು ಕೊಡುತ್ತಿದ್ದುದು ಬೋಗಿಯ ಅಡಿಯಲ್ಲಿದ್ದ ಡೈನಮೊ. ಗಾಲಿಯ ಅಚ್ಚಿಗೆ ಹಾಕಿದ ಬೆಲ್ಟ್ ಅದನ್ನು ತಿರುಗಿಸುತ್ತಿತ್ತು.

● ರೈಲು ದಿಕ್ಕು ಬದಲಿಸಿದರೆ ಡೈನಮೊದ ಪ್ಲಸ್, ಮೈನಸ್ ಅದಲುಬದಲಾಗುತ್ತವೆ. ಅದನ್ನು ಸರಿಪಡಿಸಲು ಪ್ರತ್ಯೇಕ ಏರ್ಪಾಡು ಬೇಕಿತ್ತು. ಆಲ್ಟರ್ನೇಟರಿಗೆ ಈ ತಾಪತ್ರಯವಿಲ್ಲ. ಅದು ಎತ್ತ ತಿರುಗಿದರೂ ಹುಟ್ಟುವುದು ಎಸಿ. ರೆಕ್ಟಿಫೈಯರ್ ಅದನ್ನು ಡಿಸಿ ಮಾಡುತ್ತದೆ.

● ಸಾಮಾನ್ಯ ಬೋಗಿಗಳಿಗೆ ಬಂದ 4.5 ಕಿಲೋವಾಟ್, 110 ವೋಲ್ಟ್ ಆಲ್ಟರ್ನೇಟರಿನ ತಿರುಗುವ ಭಾಗದಲ್ಲಿ ತಂತಿಯ ಸುರುಳಿಯೇ ಇಲ್ಲ. ಹಾಗಾಗಿ ಡೈನಮೊದಲ್ಲಿದ್ದಂತೆ ಬ್ರಶ್ ಸವೆಯುವ ಮಾತೂ ಇಲ್ಲ. ಹವಾನಿಯಂತ್ರಿತ ಬೋಗಿಗಳಿಗೆ 25 ಕಿಲೋವಾಟಿನವು ಬಂದವು.

● ಹಳೆಯ ಟ್ರ್ಯಾಕ್ಟರುಗಳದ್ದೂ ಇದೇ ಕಥೆ. ಫರ್ಗ್ಯುಸನ್ ಟಿಇ20ಯಲ್ಲಿ ಡೈನಮೊ ಇತ್ತು. ಬ್ಯಾಟರಿಯ ಪ್ಲಸ್ ತುದಿ ಟ್ರ್ಯಾಕ್ಟರಿನ ಲೋಹದ ಮೈಗೆ, ಅಂದರೆ ಅರ್ತ್‌ಗೆ, ಸೇರಿತ್ತು. ಈಗಿನ ಆಲ್ಟರ್ನೇಟರುಗಳಲ್ಲಿ ಸಾಮಾನ್ಯವಾಗಿ ಮೈನಸ್ಸೇ ಅರ್ತ್. ಬ್ಯಾಟರಿಯ ತುದಿಗಳನ್ನು ಅದಲುಬದಲು ಮಾಡದೆ ಆಲ್ಟರ್ನೇಟರ್ ಜೋಡಿಸಿದರೆ ಅದರ ರೆಕ್ಟಿಫೈಯರಿನ ಡಯೋಡ್ ಸುಟ್ಟುಹೋಗುತ್ತದೆ.

● ಟ್ರ್ಯಾಕ್ಟರ್ ಎಂಜಿನ್ ಕಾರಿನದಕ್ಕಿಂತ ನಿಧಾನ. ಆದ್ದರಿಂದ ಆಲ್ಟರ್ನೇಟರಿಗೆ ಸಣ್ಣ ಪುಲ್ಲಿ ಹಾಕಿದರೆ ಅದು ಸಾಕಷ್ಟು ವೇಗವಾಗಿ ತಿರುಗುತ್ತದೆ.

● 6 ವೋಲ್ಟಿನ ಟ್ರ್ಯಾಕ್ಟರಿಗೆ 12 ವೋಲ್ಟಿನ ಆಲ್ಟರ್ನೇಟರ್ ಕೂರಿಸಿದರೆ ಬ್ಯಾಟರಿ, ಬಲ್ಬುಗಳನ್ನೂ ಬದಲಿಸಬೇಕು. ಹೆಚ್ಚು ಆಂಪಿಯರಿನದನ್ನು ಆರಿಸಿದರೆ ಚಾರ್ಜಿಂಗ್ ತಂತಿಯೂ ದಪ್ಪಗಿರಬೇಕು. ಇಲ್ಲದಿದ್ದರೆ ತಂತಿ ಕಾಯುತ್ತದೆ.