ಪ್ರತಿಧ್ವನಿ ಮೊದಲೋ, ಅನುರಣನ ಮೊದಲೋ?

ಪಿಟೀಲು ವಾದಕನು ಕಮಾನನ್ನು ಎಳೆಯುತ್ತಿರುವವರೆಗೂ ಸ್ವರವು ನಿಂತಿರುತ್ತದೆ. ಗಿಟಾರಿಗೆ ಆ ಭಾಗ್ಯವಿಲ್ಲ. ತಂತಿಯನ್ನು ಮೀಟಿದ ಕ್ಷಣದಿಂದಲೇ ಅದರ ನಾದವು ಕುಗ್ಗತೊಡಗುತ್ತದೆ. ಆದರೂ ‘ಆಂಬಿಯೆಂಟ್’ ಎಂದು ಹೆಸರಾದ ಸಂಗೀತದಲ್ಲಿ, ಗಿಟಾರಿನ ಒಂದೇ ಮೀಟು ಮಂಜಿನಂತೆ ಹಬ್ಬಿ ಎಷ್ಟೋ ಹೊತ್ತು ಉಳಿಯುವುದನ್ನು ಕೇಳುತ್ತೇವೆ. ವಾದಕನ ಕಾಲಬಳಿಯಿರುವ ಎರಡು ಚಿಕ್ಕ ಪೆಟ್ಟಿಗೆಗಳ ಕೆಲಸವಿದು. ಒಂದಕ್ಕೆ ಡಿಲೇ ಎಂದೂ, ಇನ್ನೊಂದಕ್ಕೆ ರಿವರ್ಬ್ ಎಂದೂ ಹೆಸರು. ನಾವು ಇವನ್ನು ಪ್ರತಿಧ್ವನಿ ಪೆಟ್ಟಿಗೆ, ಅನುರಣನ ಪೆಟ್ಟಿಗೆ ಎಂದು ಕರೆಯೋಣ.

ಗಿಟಾರ್ ನುಡಿಸುವ ನಮ್ಮ ವಿದ್ಯಾರ್ಥಿಯೊಬ್ಬನು ಒಮ್ಮೆ, “ಸಾರ್, ಇವೆರಡರಲ್ಲಿ ಯಾವುದನ್ನು ಮೊದಲು ಜೋಡಿಸಬೇಕು?” ಎಂದು ಕೇಳಿದನು. “ಪ್ರತಿಧ್ವನಿಯೇ ಮೊದಲು, ಕ್ರಮ ತಪ್ಪಿದರೆ ನಾದವೆಲ್ಲ ಕಲಸಿಹೋದೀತು” ಎಂದು ಥಟ್ಟನೆ ಹೇಳಿಬಿಟ್ಟೆವು. ಮನೆಗೆ ಬಂದು ಲೆಕ್ಕ ಹಾಕಿದಾಗ, ನಮ್ಮದು ಆತುರದ ಮಾತೆಂದು ತಿಳಿಯಿತು.

ಗೋಡೆಯೊಂದರಿಂದ 17 ಮೀಟರು ದೂರ ನಿಂತು ಚಪ್ಪಾಳೆ ತಟ್ಟಿದೆವೆನ್ನೋಣ. ಶಬ್ದವು ಹೋಗಿ ಬರುವ ದಾರಿ 34 ಮೀಟರು. ಅದರ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಆದುದರಿಂದ ಅದು 1/10 ಸೆಕೆಂಡಿನ ಬಳಿಕ ಮರಳುತ್ತದೆ. ಕಿವಿಯು ಇದನ್ನು ಬೇರೊಂದು ಸದ್ದೆಂದು ಗುರುತಿಸುತ್ತದೆ. ಇದು ಪ್ರತಿಧ್ವನಿ. ಬರಿದಾದ ದೊಡ್ಡ ಸಭಾಂಗಣದಲ್ಲಾದರೋ ಗೋಡೆ, ನೆಲ, ಚಾವಣಿಗಳಿಂದ ಅಸಂಖ್ಯ ಪ್ರತಿಫಲನಗಳು ಒಂದರ ಬೆನ್ನಿಗೊಂದು ಬರುತ್ತವೆ. ಎಣಿಸಲಾರದ ಕಿವಿಗೆ ಅವೆಲ್ಲ ಸೇರಿ ನೀಳವಾದ ಒಂದೇ ನಾದವಾಗುತ್ತವೆ. ಇದು ಅನುರಣನ. ಹಾರ್ವರ್ಡಿನ ವ್ಯಾಲೆಸ್ ಸೇಬಿನ್ 1895ರಲ್ಲಿ ಇದರ ಅಳತೆಗೆ ತೊಡಗಿದನು. ನಾದವು 60 ಡೆಸಿಬೆಲ್ ಇಳಿಯಲು ಹಿಡಿಯುವ ವೇಳೆಗೆ ಇಂದು ಅನುರಣನ ಕಾಲವೆನ್ನುತ್ತಾರೆ.

ಹಾಗಾದರೆ ಇವೆರಡರ ಭೇದವು ಜಾತಿಯದಲ್ಲ, ದಟ್ಟಣೆಯದು. ಹಲವು ಪ್ರತಿಧ್ವನಿಗಳನ್ನು ಒಂದರೊಳಗೊಂದು ಹೆಣೆದು ಕೃತಕ ಅನುರಣನವನ್ನು ಪಡೆಯಬಹುದೆಂದು ಬೆಲ್ ಪ್ರಯೋಗಾಲಯದ ಮ್ಯಾನ್‌ಫ್ರೆಡ್ ಶ್ರೋಡರ್ 1960ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟನು. ಪ್ರತಿಧ್ವನಿಯನ್ನು ಟೇಪಿನಿಂದಲೂ ಪಡೆಯಬಹುದು. ಒಂದು ಟೇಪ್ ರಿಕಾರ್ಡರು ಬರೆದುದನ್ನು ಪಕ್ಕದ ಇನ್ನೊಂದು ಓದಿ ಮೊದಲನೆಯದಕ್ಕೇ ಹಿಂದಿರುಗಿಸಿದರೆ ಸಾಕು. ಟೇಪಿನ ವೇಗ ಸೆಕೆಂಡಿಗೆ 19 ಸೆಂಟಿಮೀಟರು, ನಡುವಣ ದಾರಿ 95 ಸೆಂಟಿಮೀಟರು ಆದರೆ, ನುಡಿಸಿದ ಸ್ವರವು 5 ಸೆಕೆಂಡಿನ ಬಳಿಕ ಮರಳುತ್ತದೆ. ರಾಬರ್ಟ್ ಫ್ರಿಪ್‌ನ ಗಿಟಾರಿಗೆ ಬ್ರಯನ್ ಈನೋ ಇಂಥ ಎರಡು ಯಂತ್ರಗಳನ್ನು ಜೋಡಿಸಿ ಮಾಡಿದ ಧ್ವನಿಮುದ್ರಿಕೆಯು 1973ರಲ್ಲಿ ಹೊರಬಂದಿತು.

ಇನ್ನು ನಮ್ಮ ಲೆಕ್ಕಕ್ಕೆ ಬರೋಣ. ಮೂಲ ನಾದವನ್ನು 1 ಎನ್ನೋಣ. ಪ್ರತಿಧ್ವನಿ ಪೆಟ್ಟಿಗೆಯು ಅದನ್ನು (1 + ಪ) ಆಗಿಯೂ, ಅನುರಣನ ಪೆಟ್ಟಿಗೆಯು (1 + ಅ) ಆಗಿಯೂ ಮಾಡುತ್ತದೆ. ಒಂದರ ಹಿಂದೊಂದನ್ನು ಜೋಡಿಸಿದಾಗ ದೊರೆಯುವುದು ಇವುಗಳ ಗುಣಲಬ್ಧ:

(1 + ಪ)(1 + ಅ) = 1 + ಪ + ಅ + ಪಅ

ಕೊನೆಯ ಪದವು ಪ್ರತಿಧ್ವನಿಯ ಅನುರಣನವೂ ಹೌದು, ಅನುರಣನದ ಪ್ರತಿಧ್ವನಿಯೂ ಹೌದು. ಇಲ್ಲಿ ಗುಣಾಕಾರವೆಂದರೆ ಒಂದು ಕ್ರಿಯೆಯ ಫಲದ ಮೇಲೆ ಇನ್ನೊಂದು ಕ್ರಿಯೆ ನಡೆಯುವುದೆಂದರ್ಥ. ಆದರೂ ಸಂಖ್ಯೆಗಳಲ್ಲಿರುವಂತೆಯೇ ಕ್ರಮ ಬದಲಾದರೂ ಲಬ್ಧ ಬದಲಾಗದು. ಯಾವುದು ಮೊದಲಾದರೂ ಒಂದೇ!

ಮರುದಿನ ಇದನ್ನು ತಿಳಿಸಿದಾಗ ವಿದ್ಯಾರ್ಥಿಯು ಒಪ್ಪಲಿಲ್ಲ. “ಎರಡು ಕ್ರಮದಲ್ಲಿಯೂ ನುಡಿಸಿ ನೋಡಿದೆ ಸಾರ್, ನನ್ನ ಕಿವಿಗೆ ಬೇರೆ ಬೇರೆ ಕೇಳುತ್ತದೆ” ಎಂದನು. ಅವನ ಕಿವಿಯೂ ಸುಳ್ಳಾಡಲಿಲ್ಲ. ನಮ್ಮ ಸಮೀಕರಣಕ್ಕೆ ಎರಡು ನಿಬಂಧನೆಗಳಿವೆ. ಒಳಹೋಗುವ ನಾದವು ಇಮ್ಮಡಿಯಾದರೆ ಹೊರಬರುವುದೂ ಸರಿಯಾಗಿ ಇಮ್ಮಡಿಯಾಗಬೇಕು. ಪೆಟ್ಟಿಗೆಯ ಗುಣವು ಕಾಲಕ್ರಮದಲ್ಲಿ ಬದಲಾಗಬಾರದು. ಟೇಪು ಬಲವಾದ ನಾದವನ್ನು ತುಸು ಒತ್ತಿ ವಿಕಾರಗೊಳಿಸುತ್ತದೆ. ಕೆಲವು ಅನುರಣನ ಪೆಟ್ಟಿಗೆಗಳು ಸ್ಥಾಯಿಯನ್ನು ಮೆಲ್ಲನೆ ತೂಗುತ್ತವೆ. ಇಂಥವು ಇದ್ದಲ್ಲಿ ಕ್ರಮಕ್ಕೆ ಬೆಲೆಯುಂಟು. ಎಷ್ಟು ವ್ಯತ್ಯಾಸ ಕೇಳಿಸುವುದೋ, ಪೆಟ್ಟಿಗೆಯು ನಮ್ಮ ನಿಬಂಧನೆಗಳನ್ನು ಅಷ್ಟು ಮೀರಿದೆಯೆಂದು ತಿಳಿಯಬೇಕು.

ಆದರೆ ಕ್ರಮಕ್ಕಿಂತ ಹೆಚ್ಚಿನದೊಂದು ಸಂಗತಿಯಿದೆ. ಪ್ರತಿಧ್ವನಿಯು 0.4 ಸೆಕೆಂಡಿಗೊಮ್ಮೆ ಬಂದು, ಪ್ರತಿ ಸಲವೂ ಕಂಪನ ವಿಸ್ತಾರವು ಅರ್ಧವಾಗುತ್ತಿರಲಿ. ಅರ್ಧವೆಂದರೆ 6 ಡೆಸಿಬೆಲ್ ಇಳಿತ. 10 ಆವೃತ್ತಿಗಳಲ್ಲಿ, ಎಂದರೆ 4 ಸೆಕೆಂಡಿನಲ್ಲಿ, 60 ಡೆಸಿಬೆಲ್ ಇಳಿಯಿತು. ಅನುರಣನ ಕಾಲವನ್ನೂ 4 ಸೆಕೆಂಡಿಗೆ ಇಟ್ಟರೆ ಎರಡೂ ಒಂದೇ ವೇಗದಲ್ಲಿ ಇಳಿಯುತ್ತವೆ. ಪ್ರತಿಧ್ವನಿಗಳ ಅಂಚು ಮಂಜಿನಲ್ಲಿ ಕರಗಿ ಮೆಲುವಾದ ಮಿಡಿತ ಮಾತ್ರ ಉಳಿಯುತ್ತದೆ. ಅನುರಣನ ಕಾಲವು 1 ಸೆಕೆಂಡಾದರೋ, ಪ್ರತಿ 0.4 ಸೆಕೆಂಡಿಗೆ 24 ಡೆಸಿಬೆಲ್ ಇಳಿದು ಪ್ರತಿಧ್ವನಿಗಳು ಬಿಡಿಬಿಡಿಯಾಗಿ ಎದ್ದು ನಿಲ್ಲುತ್ತವೆ. ಮಂಜು ಬೇಕೋ, ಎಣಿಸಬಹುದಾದ ಹೆಜ್ಜೆಗಳು ಬೇಕೋ ಎಂಬುದನ್ನು ನಿರ್ಣಯಿಸುವುದು ಈ ಎರಡು ಕಾಲಗಳ ಪ್ರಮಾಣ.

ಇದನ್ನು ಕಂಪ್ಯೂಟರಿನಲ್ಲಿಯೂ ಪರೀಕ್ಷಿಸಬಹುದು. ಒಂದು ಮೀಟನ್ನು ಮುದ್ರಿಸಿ, ಎರಡು ಕ್ರಮದಲ್ಲಿಯೂ ಸಂಸ್ಕರಿಸಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ಉಳಿದದ್ದು ಮೌನವಾದರೆ ಸಮೀಕರಣ ಗೆದ್ದಿತು. ಏನಾದರೂ ಕೇಳಿಸಿದರೆ, ನಮ್ಮ ವಿದ್ಯಾರ್ಥಿಯ ಕಿವಿ ಗೆದ್ದಿತು.