ಚಕ್ ಕೂರುವ ಜಾಗ ಸರಿಯಿದ್ರೆ ಅರ್ಧ ಕೆಲಸ ಮುಗಿದಂತೆ

ಗ್ಯಾರೇಜಿನ ಮೂಲೆಯಲ್ಲೊಂದು ಪುಟ್ಟ ಮಿಲ್ಲಿಂಗ್ ಮಷಿನ್, ಜೊತೆಗೆ ಆರಿಂಚಿನ ರೋಟರಿ ಟೇಬಲ್. ಇಷ್ಟಿದ್ದರೆ ಮನೆಯಲ್ಲೇ ಗೇರ್ ಹಲ್ಲು ಕೊರೆಯಬಹುದು. 90:1 ಅನುಪಾತದ ಟೇಬಲ್ ಆದರೆ ಹ್ಯಾಂಡಲ್‌ನ ಒಂದು ಸುತ್ತಿಗೆ ಟೇಬಲ್ ತಿರುಗೋದು ಬರೀ 4 ಡಿಗ್ರಿ. 20 ಹಲ್ಲಿನ ಗೇರ್ ಬೇಕಾ? ಹಲ್ಲಿಗೆ ನಾಲ್ಕೂವರೆ ಸುತ್ತು. ಲೆಕ್ಕ ಸುಲಭ.

ಕಷ್ಟ ಇರೋದು ಚಕ್ ಕೂರಿಸೋದರಲ್ಲಿ. ಎಷ್ಟೋ ಟೇಬಲ್‌ಗಳ ಜೊತೆ ಚಕ್ ಬರಲ್ಲ. ಬೇರೆ ಕೊಂಡ ಚಕ್ಕನ್ನು ಎರಡು ಕ್ಲ್ಯಾಂಪ್ ಒತ್ತಿ ಕೂರಿಸಿದರೆ ಕೇಂದ್ರ ಸರಿದು ಒಂದು ಬದಿಯ ಹಲ್ಲು ಆಳ, ಇನ್ನೊಂದು ಬದಿಯದು ಮೇಲೆ ಆಗುತ್ತದೆ. ಕೊರೆಯುವಾಗಲೇ ಜಾರಿದರೆ ಕಟರ್ ಮುರಿದು ಚೂರು ಮುಖಕ್ಕೆ ಸಿಡಿಯಬಹುದು. ಕನ್ನಡಕ ಹಾಕದೆ ಮಷಿನ್ ಮುಟ್ಟಬೇಡಿ.

ಇದಕ್ಕೆ ಪರಿಹಾರ ಒಂದು ಅಡಾಪ್ಟರ್ ಪ್ಲೇಟ್ ಮತ್ತು ಒಂದು ಪ್ಲಗ್.

80 ಮಿ.ಮೀ.ನ ಮೂರು ದವಡೆ ಚಕ್‌ಗಳ ಬೆನ್ನಲ್ಲಿ ಸಾಮಾನ್ಯವಾಗಿ 55 ಮಿ.ಮೀ. ಅಗಲದ ಗುಳಿ, 66 ಮಿ.ಮೀ. ವೃತ್ತದಲ್ಲಿ ಮೂರು ಎಂ6 ತೂತುಗಳು ಇರುತ್ತವೆ. ಆದರೂ ನಿಮ್ಮದನ್ನು ವರ್ನಿಯರ್‌ನಲ್ಲಿ ಅಳೆದುಕೊಳ್ಳಿ. 120 ಮಿ.ಮೀ. ಅಗಲ, 16 ಮಿ.ಮೀ. ದಪ್ಪದ ಎಂಎಸ್ ಬಿಲ್ಲೆ ಸಾಕು.

ಲೇತಿನಲ್ಲಿ ಮೊದಲು ತಳ ಫೇಸಿಂಗ್ ಮಾಡಿ. ಆಮೇಲೆ ತಿರುಗಿಸಿ, ತಳವನ್ನು ದವಡೆಯ ಮೆಟ್ಟಿಲಿಗೆ ಒತ್ತಿ ಹಿಡಿಸಿ. ಈಗ ಗುಳಿಯೊಳಗೆ ಬಿಗಿಯಾಗಿ ಕೂರುವ 55 ಮಿ.ಮೀ. ಉಬ್ಬು, ನಡುವಿನ 16 ಮಿ.ಮೀ. ತೂತು, ಎರಡನ್ನೂ ಒಂದೇ ಸೆಟ್ಟಿಂಗ್‌ನಲ್ಲಿ ಮುಗಿಸಿ. ಗುಟ್ಟು ಇಷ್ಟೇ. ನಡುವೆ ಬಿಚ್ಚಿ ಮತ್ತೆ ಹಿಡಿಸಿದರೆ ಎರಡರ ಕೇಂದ್ರ ಒಂದೇ ಆಗಿರುತ್ತೆ ಅನ್ನೋ ಭರವಸೆ ಇಲ್ಲ. ಉಬ್ಬಿನ ಎತ್ತರ ಗುಳಿಯ ಆಳಕ್ಕಿಂತ ಸ್ವಲ್ಪ ಕಡಿಮೆ ಇರಲಿ.

ಟೇಬಲ್ ನಡುವಿನ ಮೋರ್ಸ್ ಟೇಪರ್ ತೂತಿಗೆ ಪ್ಲಗ್ ಬೇಕು. ತುದಿ ಮೆತ್ತಗಿರುವ ಟೇಪರ್ ಆರ್ಬರ್ ಅಂಗಡಿಯಲ್ಲಿ ಸಿಗುತ್ತೆ. ಅದನ್ನು ಲೇತಿನ ಸ್ಪಿಂಡಲ್‌ನಲ್ಲೇ ಕೂರಿಸಿ, ಡ್ರಾಬಾರ್ ಬಿಗಿದು, ತುದಿಯನ್ನು 16 ಮಿ.ಮೀ.ಗೆ ಟರ್ನ್ ಮಾಡಿ.

ಚಕ್ಕನ್ನು ಪ್ಲೇಟಿಗೆ ಕೆಳಗಿನಿಂದ ಎಂ6 ಬೋಲ್ಟ್ ಹಾಕಿ ಬಿಗಿಯಿರಿ. ಬೋಲ್ಟ್ ತಲೆ ತಳದೊಳಗೆ ಮುಳುಗಬೇಕು. ಅಂಚಿನ ತೂತುಗಳು ಟೀ-ಸ್ಲಾಟ್‌ಗೆ. ಟೀ-ನಟ್ಟನ್ನೂ ನೀವೇ ಮಾಡ್ತೀರಾದರೆ ಕೊನೆಯ ಎಳೆ ಟ್ಯಾಪ್ ಮಾಡದೆ ಬಿಡಿ. ಇಲ್ಲದಿದ್ದರೆ ಬೋಲ್ಟ್ ಸ್ಲಾಟ್‌ನ ತಳಕ್ಕೆ ಒತ್ತಿ, ಟೇಬಲ್ಲೇ ಸೀಳಬಹುದು.

ಮನೆಯಲ್ಲಿ ಲೇತ್ ಇಲ್ವಾ? ಬೆಂಗಳೂರಿನ ಪೀಣ್ಯದಂಥ ಕಡೆ ಟರ್ನಿಂಗ್ ಮಾಡಿಕೊಡುವ ಶೆಡ್‌ಗಳಿವೆ. ಡ್ರಾಯಿಂಗ್ ಕೊಡುವಾಗ ‘ಉಬ್ಬು, ತೂತು ಒಂದೇ ಸೆಟ್ಟಿಂಗ್‌ನಲ್ಲಿ’ ಅಂತ ಬರೆದೇ ಕೊಡಿ.

ಕೊನೆಗೆ ಚಕ್‌ನಲ್ಲಿ ನೇರವಾದ ಸರಳು ಹಿಡಿಸಿ, ಡಯಲ್ ಗೇಜ್ ತಾಗಿಸಿ ಟೇಬಲ್ ಒಂದು ಸುತ್ತು ತಿರುಗಿಸಿ. ಮುಳ್ಳು 0.10 ಮಿ.ಮೀ. ಆಡಿದರೆ ಕೇಂದ್ರ 0.05 ಮಿ.ಮೀ. ಸರಿದಿದೆ ಎಂದರ್ಥ. ಮೂರು ದವಡೆ ಚಕ್‌ಗೆ ಅದು ಒಳ್ಳೆಯ ಅಂಕವೇ. ಇನ್ನು ಧೈರ್ಯವಾಗಿ ಮೊದಲ ಹಲ್ಲು ಕೊರೆಯಿರಿ.